ಬೂದಿ ಬಳಿದ ಹೋಳುಗಳು

ನನ್ನ ಅತ್ತೆಗೆ ಆಲೂಗೆಡ್ಡೆ ಎಂದರೆ ಆಗುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ತರಕಾರಿ ಎಂದರೆ ಅವರೆಕಾಯಿ, ಬದನೆಕಾಯಿ, ಹೀರೆಕಾಯಿ. ಗಿಡದಲ್ಲಿ ಕಣ್ಣಿಗೆ ಕಾಣುವ ಹಾಗೆ ಬಿಡಬೇಕು. “ಕಳ್ಳನಂಗೆ ಮಣ್ಣೊಳಗೆ ಅವಿತ್ಕಂಡು ಬೆಳೆಯೋದು ಅದ್ಯಾವ ಕಾಯಿಪಲ್ಯ ಕಣಮ್ಮೀ? ಎಲ್ಲಾ ನಿಮ್ಮ ಆಸನದೋರ ಸೋಕಿ” ಎನ್ನುತ್ತಿದ್ದರು. ನನ್ನ ತವರು ಹಾಸನ. ಮದುವೆಯಾಗಿ ಅರಕಲಗೂಡಿಗೆ ಬಂದು ಎರಡು ಹೆಣ್ಣುಮಕ್ಕಳ ತಾಯಿಯಾಗಿದ್ದರೂ, ಸಾರಿಗೆ ಉಪ್ಪು ಹೆಚ್ಚಾದರೆ ಅದು ಹಾಸನದ ಕೈ, ಸರಿಯಾಗಿದ್ದರೆ ಅತ್ತೆ ಕಲಿಸಿದ ಕೈ. ನಾನೂ ಸುಮ್ಮನಿರುವ ಪೈಕಿಯಲ್ಲ. ಆಲೂಗೆಡ್ಡೆ ಪಲ್ಯ ಮಾಡಿದ ದಿನ ಅವರು ಎರಡನೇ ಸಲ ಬಡಿಸಿಕೊಳ್ಳುವಾಗ, “ಕಳ್ಳನ್ನ ಇನ್ನೊಸಿ ಆಕ್ಲಾ ಅತ್ತೆಮ್ಮ?” ಎಂದು ಕೇಳಿಯೇ ಬಡಿಸುತ್ತಿದ್ದೆ.

ಅದು ಯುದ್ಧದ ಕಾಲ. ರಾಗಿ, ಅಕ್ಕಿ ಎಲ್ಲಕ್ಕೂ ರೇಷನ್ನಿನ ಅಳತೆ ಬಂದಿತ್ತು. ಇದ್ದಬದ್ದ ಜಾಗದಲ್ಲಿ ಏನಾದರೂ ಬೆಳೆದುಕೊಳ್ಳಿ ಎಂದು ಊರಲ್ಲಿ ತಮಟೆ ಹೊಡೆಸಿ ಸಾರಿಸಿದ್ದರು. ಹಾಸನದಲ್ಲಿ ಆಲೂಗೆಡ್ಡೆ ಮಂಡಿ ಇಟ್ಟಿದ್ದ ನನ್ನ ಅಪ್ಪ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಅರ್ಧ ಚೀಲ ಬಿತ್ತನೆ ಗೆಡ್ಡೆಯನ್ನು ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ಪೆಟ್ರೋಲು ಸಿಗದೆ ಆಗ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು. ಬೆನ್ನಿಗೆ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಬರುವ ಆ ಬಸ್ಸಿನ ಸದ್ದು ಕೇಳಿದರೆ ಸಾಕು, ನನ್ನ ಮಕ್ಕಳಿಬ್ಬರೂ ಕೈ ಕೈ ಹಿಡಿದು ಓಡುತ್ತಿದ್ದರು. ಹಾಸನದ ತಾತ ಚೀಲದ ಬಾಯಲ್ಲಿ ಬತ್ತಾಸಿನ ಪೊಟ್ಟಣ ಇಟ್ಟಿರುತ್ತಾರೆಂದು ಅವರಿಗೆ ಗೊತ್ತು.

ನಮ್ಮ ಮನೆ ಬೀದಿಯಲ್ಲಿ ಕೊನೆಯದು. ಹಿಂದೆ ಹಿತ್ತಲು, ಹಿತ್ತಲ ಬೇಲಿ ದಾಟಿದರೆ ಬಾವಿಯಿದ್ದ ಒಂದು ತುಂಡು ತೋಟ. ತೋಟದ ಮೂಲೆಯಲ್ಲಿ, ಬೇವಿನ ಮರದ ಕೆಳಗೆ, ನನ್ನ ಮಾವನವರ ಸಮಾಧಿ. ನಮ್ಮ ಜನ ಸುಡುವುದಿಲ್ಲ, ಹೂಳುತ್ತೇವೆ. ಸ್ವಂತ ಭೂಮಿ ಇದ್ದವರು ಸ್ವಂತ ಭೂಮಿಯಲ್ಲೇ. ಮಕ್ಕಳು ಆ ಸಮಾಧಿಯ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಸುಲಿದು ತಿನ್ನುತ್ತಿದ್ದರು. ಅವರಿಗೆ ಅದು ತಾತ ಮಲಗಿರುವ ಜಾಗ, ಅಷ್ಟೆ.

ದೊಡ್ಡವಳು ಆಗ ಮೂರನೇ ಕ್ಲಾಸು. ಮೂಗಿನ ತುದಿಯಲ್ಲಿ ಕೋಪ, ಮಾತಿನಲ್ಲಿ ಥೇಟ್ ಅಜ್ಜಿ. ಚಿಕ್ಕವಳ ಕೈಗೆ ಇನ್ನೂ ಸ್ಲೇಟು ಕೊಟ್ಟಿರಲಿಲ್ಲ. ಅಕ್ಕ ಹೇಳಿದ್ದೇ ಅವಳಿಗೆ ವೇದ. ಬಿತ್ತನೆ ಗೆಡ್ಡೆ ಕುಯ್ಯುವ ದಿನ ಹಿಂಬಾಗಿಲ ಜಗಲಿಯ ಮೇಲೆ ಮೂವರೂ ಕೂರುತ್ತಿದ್ದೆವು. ಇಡೀ ಗೆಡ್ಡೆಯನ್ನೇ ಹಾಕುವಷ್ಟು ಬಿತ್ತನೆ ನಮ್ಮಲ್ಲಿ ಇರಲಿಲ್ಲ. ಒಂದೊಂದನ್ನೂ ಹೋಳು ಮಾಡಬೇಕು, ಪ್ರತಿ ಹೋಳಿನಲ್ಲೂ ಮೊಳಕೆ ಒಡೆಯುವ ಕಣ್ಣು ಇರಬೇಕು. ಈಳಿಗೆಮಣೆ ನನ್ನದು. ಎಲ್ಲಿ ಕುಯ್ಯಬೇಕೆಂದು ಬೆರಳಿಟ್ಟು ತೋರಿಸುವುದು ದೊಡ್ಡವಳದು. ಕುಯ್ದ ಹೋಳನ್ನು ಒಲೆಯ ಬೂದಿಯಲ್ಲಿ ಹೊರಳಿಸುವುದು ಚಿಕ್ಕವಳದು. ಬೂದಿ ಮೆತ್ತದಿದ್ದರೆ ಕುಯ್ದ ಗಾಯ ಮಣ್ಣಿನಲ್ಲಿ ಕೊಳೆಯುತ್ತದೆ. ಚಿಕ್ಕವಳು ಗೆಡ್ಡೆಗೆ ಬಳಿದಷ್ಟೇ ಬೂದಿಯನ್ನು ತನ್ನ ಕೆನ್ನೆಗೂ ಬಳಿದುಕೊಂಡು ಕೂತಿರುತ್ತಿದ್ದಳು.

“ಬೂದಿ ಯಾಕೆ ಬಳೀಬೇಕು?” ಎಂದು ಹಿಂದಿನ ವರ್ಷ ಕೇಳಿದ್ದನ್ನೇ ಆ ವರ್ಷವೂ ಕೇಳಿದಳು.

“ಬಳುದ್ರೆ ಕೊಳೆಯಾಕಿಲ್ಲ ಕಣೆ. ಒಳಗೆ ಬೆಚ್ಚಗೆ ಮಲಗಿದ್ದು ಆಮೇಲೆ ಎದ್ದು ಬತ್ತದೆ” ಎಂದಳು ದೊಡ್ಡವಳು.

ಹಿಂದಿನ ವರ್ಷ ಚಿಕ್ಕವಳು ನೆಟ್ಟ ಮಾರನೇ ದಿನವೇ ಮಣ್ಣು ಕೆದಕಿ ನೋಡಿ ಅಕ್ಕನ ಕೈಲಿ ಏಟು ತಿಂದಿದ್ದಳು. ಅದಕ್ಕೇ ಈ ಸಲ ದೊಡ್ಡವಳು ಎಲ್ಲವನ್ನೂ ಮೊದಲೇ ಒಪ್ಪಿಸಿದಳು. “ಗಿಡ ಅರಿಶಿಣದ ಬಣ್ಣ ಆಗಿ ಒಣಗೋಗಂಟ ಮುಟ್ಬಾರ್ದು. ಒಣಗಿದ್ ಮ್ಯಾಲೆ ತಡ ಮಾಡ್ಬಾರ್ದು. ಮಳೆ ಇಡ್ಕಂಡ್ರೆ ಒಳಗೇ ಕೊಳ್ತೋಯ್ತದೆ. ತಿಳೀತಾ?” ಚಿಕ್ಕವಳು ತಲೆಯಾಡಿಸಿದರೆ ಸಾಲದು, ಮಗ್ಗಿಯ ಹಾಗೆ ತಿರುಗಿ ಹೇಳಬೇಕು. ಹೇಳಿದಳು. ನಾನು ನಗುತ್ತಾ ಕುಯ್ಯುತ್ತಿದ್ದೆ. ನೆಟ್ಟು ಮಿಕ್ಕ ಹೋಳುಗಳನ್ನು ಬೂದಿಯ ಸಮೇತ ಒಂದು ಕುಕ್ಕೆಯಲ್ಲಿ ಹಿಂಬಾಗಿಲ ಪಕ್ಕ ಇಟ್ಟೆವು. ಸಾಲಿನಲ್ಲಿ ಎಲ್ಲಾದರೂ ಹುಟ್ಟದೆ ಹೋದರೆ ಆ ಜಾಗಕ್ಕೆ ಹಾಕಲು.

ನೆಟ್ಟವು ಹುಟ್ಟುವುದಕ್ಕೆ ಮುಂಚೆಯೇ ದೊಡ್ಡವಳು ಮಲಗಿದಳು. ಚಳಿಜ್ವರ ನಮ್ಮ ಸೀಮೆಗೆ ಹೊಸದಲ್ಲ, ವರ್ಷಕ್ಕೊಮ್ಮೆ ಬಂದು ಹೋಗುವ ನೆಂಟ. ಕಂಬಳಿ ಹೊದ್ದು ನಡುಗಿ, ಬೆವತು, ಆಮೇಲೆ ಎದ್ದು ಗಂಜಿ ಕುಡಿಯುವುದು ಎಲ್ಲ ಮನೆಯಲ್ಲೂ ನಡೆಯುತ್ತಿತ್ತು. ನಾವೂ ಹಾಗೇ ಅಂದುಕೊಂಡೆವು. ಈ ಸಲದ್ದು ತಲೆಗೇರಿತು. ಕ್ವಿನೈನೆಲ್ಲ ಯುದ್ಧಕ್ಕೆ ಹೋಗುತ್ತಿದ್ದ ಕಾಲ. ಡಾಕ್ಟರು ತಮ್ಮಲ್ಲಿ ಉಳಿದಿದ್ದನ್ನು ಕೊಟ್ಟರು, ಎರಡು ಹೊತ್ತೂ ಬಂದು ನೋಡಿದರು. ಅವರನ್ನು ನಾನು ಬೈಯಲಾರೆ. ದೇವರನ್ನು ಬೈದಿದ್ದೇನೆ, ಇವತ್ತಿಗೂ ಬೈಯುತ್ತೇನೆ. ಜ್ವರದ ನಡುವೆ ಒಮ್ಮೆ ಕಣ್ಣು ಬಿಟ್ಟು, “ಗೆಡ್ಡೆ ಹುಟ್ಟಿದ್ವಾ ಅವ್ವ?” ಎಂದಳು. “ನಾಳೆ ಹುಟ್ತವೆ ಮಗ” ಎಂದೆ. ಮರುದಿನ ಬೆಳಿಗ್ಗೆ ನಾನು ಒಳಗೆ ಹೋಗಿ ಗಂಜಿ ತರುವಷ್ಟರಲ್ಲಿ ಮುಗಿದಿತ್ತು. ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆನಂತೆ. ಯಾರೋ ಬಿಡಿಸಿಕೊಂಡರಂತೆ.

ನಮ್ಮಲ್ಲಿ ಕೂರಿಸಿ ಹೂಳುತ್ತಾರೆ. ಮಾವನವರ ಪಕ್ಕದಲ್ಲೇ ಗುಣಿ ತೆಗೆದರು. ಸ್ನಾನ ಮಾಡಿಸಿ, ಮೈತುಂಬ ವಿಭೂತಿ ಬಳಿದು, ಅಂಗೈಯಲ್ಲಿ ಅವಳ ಲಿಂಗವನ್ನಿಟ್ಟು, ಗುಣಿಯೊಳಗೆ ಕೂರಿಸಿ, ಸುತ್ತ ಬಿಲ್ವಪತ್ರೆಯನ್ನೂ ವಿಭೂತಿ ಗಟ್ಟಿಗಳನ್ನೂ ತುಂಬಿದರು. ನನ್ನನ್ನು ಇಬ್ಬರು ಹಿಡಿದುಕೊಂಡಿದ್ದರು. ಚಿಕ್ಕವಳು ಅಜ್ಜಿಯ ಸೊಂಟದ ಮೇಲಿದ್ದಳು. ಅಲ್ಲಿಯವರೆಗೆ ಪಿಳಿಪಿಳಿ ನೋಡುತ್ತಿದ್ದ ಕೂಸು, ಮೊದಲ ಹಿಡಿ ಮಣ್ಣು ಬಿದ್ದದ್ದೇ ಕಿರುಚಿಕೊಂಡಿತು. “ಅಕ್ಕನ ಮ್ಯಾಲೆ ಮಣ್ಣಾಕ್ಬ್ಯಾಡಿ! ಅಕ್ಕನ ಮ್ಯಾಲೆ ಮಣ್ಣಾಕ್ಬ್ಯಾಡಿ!” ಆ ಕೂಗಿಗೆ ಗುದ್ದಲಿ ಹಿಡಿದವರೂ ನಿಂತುಬಿಟ್ಟರು. ಅತ್ತೆ ಎದೆಗೆ ಒತ್ತಿಕೊಂಡರು, ಗದರಿದರು, ಮುದ್ದಿಸಿದರು, ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ, “ಬಿತ್ತನೆ ಆಕ್ತಾವ್ರೆ ಕಣವ್ವ, ಬಿತ್ತನೆ. ಮೈಗೆಲ್ಲ ಬೂದಿ ಬಳುದವ್ರೆ ನೋಡು. ಅಳಬ್ಯಾಡ ನನ್ನವ್ವ, ಅಕ್ಕ ಬತ್ತಾಳೆ” ಎಂದುಬಿಟ್ಟರು.

ಕೂಸು ತಟ್ಟನೆ ಸುಮ್ಮನಾಯಿತು.

ಪೂಜೆಯಿಲ್ಲದೆ ಬಾಯಿಗೆ ನೀರು ಹಾಕದ ಹೆಂಗಸು ನನ್ನ ಅತ್ತೆ. ಮೊಮ್ಮಗಳ ಅಳು ನಿಲ್ಲಲೆಂದು ವಿಭೂತಿಯನ್ನು ಒಲೆಯ ಬೂದಿ ಎಂದರು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕವಳು ಅಜ್ಜಿಯ ಸೊಂಟದಿಂದ ಜಾರಿ ಮನೆಯತ್ತ ಓಡಿದಳು. ಗುಣಿ ಮುಚ್ಚಿ ಮೇಲೆ ಮಣ್ಣು ಗುಡ್ಡೆ ಮಾಡುವ ಹೊತ್ತಿಗೆ ಲಂಗದ ಮಡಿಲಲ್ಲಿ ಏನನ್ನೋ ತುಂಬಿಕೊಂಡು ಬಂದು ಒಂದೊಂದಾಗಿ ಮಣ್ಣಿಗೆ ಹಾಕತೊಡಗಿದಳು. ಕುಕ್ಕೆಯಲ್ಲಿ ಮಿಕ್ಕಿದ್ದ ಹೋಳುಗಳು. ಬೂದಿ ಮೆತ್ತಿದ ಆಲೂಗೆಡ್ಡೆ ಹೋಳು ನೋಡಲು ವಿಭೂತಿ ಗಟ್ಟಿಯ ಹಾಗೇ ಇರುತ್ತದೆ. ಯಾರೂ ತಡೆಯಲಿಲ್ಲ. ಕ್ರಿಯೆ ಮಾಡಿಸಲು ಬಂದಿದ್ದ ಐನೋರು, “ಕೂಸಿಗೆ ಎಷ್ಟು ಭಕ್ತಿ ನೋಡಿ” ಎಂದು ಕಣ್ಣೊರೆಸಿಕೊಂಡರು.

ಅವತ್ತು ಸಂಜೆ ನೆಂಟರ ಮನೆಯಿಂದ ಬಂದ ಅನ್ನ ಬಡಿಸುವಾಗ ಚಿಕ್ಕವಳು ತನ್ನ ಗಂಗಳದ ಪಕ್ಕ ಅಕ್ಕನ ಗಂಗಳವನ್ನೂ ತಂದಿಟ್ಟಳು. ಒಂದೇ ಜೋಡಿಯ ಕಂಚಿನ ಗಂಗಳಗಳು, ನನ್ನ ತವರಿನವು. ತೆಗೆ ಎನ್ನುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮಾರನೇ ದಿನವೂ ಇಟ್ಟಳು. ಅವಳ ಅಪ್ಪ, “ಬ್ಯಾಡ ಮಗ” ಎಂದದ್ದಕ್ಕೆ, “ಅಕ್ಕ ಬಂದ್ರೆ ಎಲ್ಲಿ ಉಣ್ಬೇಕು?” ಎಂದಳು. ಅವರು ಕೈತೊಳೆದು ಎದ್ದು ತಮ್ಮ ಬೆಲ್ಲದ ಅಂಗಡಿಗೆ ಹೋಗಿ ಕೂತರು. ಆಮೇಲಾಮೇಲೆ ಅವಳು ಮರೆತ ದಿನ ನಾನೇ ಇಡತೊಡಗಿದೆ.

ಹಿತ್ತಲ ಸಾಲು ಹುಟ್ಟಿದ್ದನ್ನು ನಾನು ನೋಡಲಿಲ್ಲ. ಹಿಂಬಾಗಿಲಿಗೇ ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲ ಹಂಡೆಗೆ ನೀರು ತುಂಬಿಸುತ್ತಿದ್ದಾಗ ಚಿಕ್ಕವಳು ತೋಟದ ಕಡೆಯಿಂದ ಕೂಗುತ್ತಾ ಬಂದಳು. “ಅವ್ವಾ, ಅಕ್ಕ ಬಂದ್ಳು! ಬಾ ಬ್ಯಾಗ, ಅಕ್ಕ ಬಂದ್ಳು!”

ನಾನು ಓಡಿದೆ. ಲೋಯರ್ ಸೆಕೆಂಡರಿ ಪಾಸಾದವಳು, ಊರಿನ ಹೆಂಗಸರಿಗೆಲ್ಲ ಕಾಗದ ಬರೆದುಕೊಡುತ್ತಿದ್ದವಳು, ಬಿಂದಿಗೆ ಕೈಬಿಟ್ಟು, ಸೆರಗು ಜಾರಿದ್ದೂ ತಿಳಿಯದೆ ಬೇಲಿ ದಾಟಿ ಓಡಿದೆ. ಯಾಕೆ ಓಡಿದೆ ಎಂದು ಕೇಳಬೇಡಿ. ಮಗಳು ಬಂದಳು ಎಂದರೆ ತಾಯಿ ಓಡುತ್ತಾಳೆ.

ಗುಡ್ಡೆಯ ನೆತ್ತಿಯಲ್ಲಿ ಮಣ್ಣು ಬಿರಿದು, ದಪ್ಪ ಎಲೆಯ ಒಂದು ಹಸಿರು ಕುಡಿ ಎದ್ದಿತ್ತು. ಹಾಕಿದ್ದರಲ್ಲಿ ಅದೊಂದೇ ಹುಟ್ಟಿದ್ದು. ನನ್ನ ಹಿಂದೆಯೇ ಬಂದ ಅತ್ತೆಗೆ ನಡೆದದ್ದೇನೆಂದು ಆಗ ಹೊಳೆಯಿತು. “ಅಯ್ಯೋ ಶಿವನೇ, ಸಮಾಧಿ ಮ್ಯಾಲೆ ಆಲೂಗೆಡ್ಡೆಯಾ? ಕಂಡೋರು ಉಗೀತಾರೆ” ಎಂದು ಕೀಳಲು ಬಗ್ಗಿದರು. ನಾನು ಅವರ ಮಣಿಕಟ್ಟು ಹಿಡಿದೆ. “ಬತ್ತಾಳೆ ಅಂದೋರು ನೀವು. ಈಗ ಕೀಳೋರೂ ನೀವೇನಾ?” ಎಂದೆ. ಅವರು ಮಾವನವರ ಕಟ್ಟೆಯ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ಮಧ್ಯಾಹ್ನ ಅಂಗಡಿಯಿಂದ ಬಂದ ಯಜಮಾನರು ಅದನ್ನು ನೋಡಿ, ಮೇಕೆ ಬಾಯಿ ಹಾಕದ ಹಾಗೆ ಗುಡ್ಡೆಯ ಸುತ್ತ ಮುಳ್ಳು ನೆಟ್ಟರು.

ಬೆಳೆಯುವ ಸಿರಿ ಮೊಳಕೆಯಲ್ಲೇ ಎನ್ನುತ್ತಾರೆ. ಆ ಗಿಡ ಹಿತ್ತಲಿನ ಸಾಲಿನಲ್ಲಿದ್ದ ಯಾವುದಕ್ಕೂ ಇಲ್ಲದ ಹಾಗೆ ಬೆಳೆಯಿತು. ಚಿಕ್ಕವಳು ಎದ್ದ ತಕ್ಷಣ ಅಲ್ಲಿಗೆ ಹೋಗುತ್ತಿದ್ದಳು. ಬುಡಕ್ಕೆ ಮಣ್ಣು ಏರಿಸುವುದು, ಹುಳ ಆರಿಸುವುದು, ಪುಟ್ಟ ಚೊಂಬಿನಲ್ಲಿ ನೀರು ಹಾಕುವುದು, ಮನೆಯ ಸುದ್ದಿಯೆಲ್ಲ ಹೇಳುವುದು. “ಅಕ್ಕಾ, ಅಜ್ಜಿ ಇವತ್ತು ಅಪ್ಪಂಗೆ ಬೈದ್ಳು ಕಣೆ. ಅಕ್ಕಾ, ನಿನ್ ಬಳಪ ನಾನು ತಗಂಡಿಲ್ಲ, ಅಂಗೇ ಐತೆ.” ಚನ್ನರಾಯಪಟ್ಟಣದಿಂದ ಬಂದಿದ್ದ ನಾದಿನಿ ಇದನ್ನು ನೋಡಿ, ಮಗುವಿಗೆ ಗಾಳಿ ಸೋಕಿದೆ, ತಾಯತ ಕಟ್ಟಿಸಿ ಎಂದಳು. ಗಾಳಿಯಲ್ಲಮ್ಮ, ನಿಮ್ಮ ತಾಯಿಯ ಮಾತು ಸೋಕಿರುವುದು ಎಂದೆ. ಮಗುವಿಗೆ ಇದ್ದದ್ದನ್ನು ಹೇಳಿಬಿಡು ಎಂದು ಯಜಮಾನರು ನನಗೆ ಹೇಳಿದರು. ಯಾರು ಹೇಳುವುದು? ಅವರ ಬಾಯಲ್ಲೂ ಬರುತ್ತಿರಲಿಲ್ಲ. ನಾಳೆ ಹೇಳೋಣ ಎನ್ನುತ್ತಿದ್ದೆ. ಬಾವಿಕಟ್ಟೆಯ ಹತ್ತಿರ ಪಾತ್ರೆ ಉಜ್ಜುತ್ತಾ ಆ ಸುದ್ದಿಗಳನ್ನು ಕೇಳುತ್ತಿದ್ದೆ. ಮನೆಯಲ್ಲಿ ಮಿಕ್ಕ ಯಾರೂ ದೊಡ್ಡವಳ ವಿಷಯ ಎತ್ತುತ್ತಿರಲಿಲ್ಲ. ಅಕ್ಕಾ ಎಂದು ಇನ್ನೂ ಕರೆಯುವ ಗಂಟಲು ಅದೊಂದೇ. ಗಿಡ ಹೂವಾದ ದಿನ ಚಿಕ್ಕವಳು ಒಂದು ಹೂವನ್ನೂ ಕೀಳಲು ಬಿಡಲಿಲ್ಲ. ಅಕ್ಕನಿಗೆ ನೋಯುತ್ತದಂತೆ.

ಮಘೆ ಮಳೆ ಹತ್ತಿರ ಬಂತು. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು’ ಎನ್ನುವುದು ರಾಗಿ ಬೆಳೆಯುವವರ ಮಾತು. ಮಾಗಿದ ಆಲೂಗೆಡ್ಡೆಗೆ ಆ ಮಳೆ ಶನಿ. ಹಿತ್ತಲ ಗಿಡಗಳು ಹಳದಿ ತಿರುಗಿ ಒರಗಿದ್ದವು. ಮೋಡ ಕವಿದದ್ದು ನೋಡಿ ನಾನೂ ಅತ್ತೆಯೂ ಬೆಳಿಗ್ಗೆಯೇ ಅಗೆಯಲು ಇಳಿದೆವು. ಚಿಕ್ಕವಳು ಹಿಂದೆ ಹಿಂದೆ ಬಂದು ಗೆಡ್ಡೆ ಆರಿಸಿ ಕುಕ್ಕೆ ತುಂಬಿದಳು. ಸಾಲು ಮುಗಿದ ಮೇಲೆ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಥೇಟ್ ದೊಡ್ಡವಳ ಹಾಗೆ, “ಇನ್ನ ಅಕ್ಕನ್ನ ಅಗೆಯವ ಬಾ ಅವ್ವ” ಎಂದಳು.

ಅತ್ತೆ ಗುದ್ದಲಿ ಬಿಟ್ಟು ಒಳಗೆ ಹೋಗಿಬಿಟ್ಟರು.

“ಅಂಗನ್ನಬಾರ್ದು ಮಗ” ಎಂದೆ.

“ಅಕ್ಕನ ಗಿಡಾನೂ ಒಣಗೈತೆ. ನಾನು ನೋಡ್ದೆ.”

“ಇವತ್ತು ಬ್ಯಾಡ. ನಾಳೆ” ಎಂದೆ. ನಾಳೆ ಎನ್ನುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಮಧ್ಯಾಹ್ನ ಮಳೆ ಹಿಡಿಯಿತು. ಸೋನೆಯಲ್ಲ, ಧೋ ಎಂದು ಸುರಿಯುವ ಮಳೆ. ಒಣಹಾಕಿದ್ದನ್ನೆಲ್ಲ ಒಳಗೆ ಎಳೆದು ನೋಡಿದರೆ ಚಿಕ್ಕವಳು ಇಲ್ಲ. ಗೋಡೆಯ ಗೂಟದಲ್ಲಿದ್ದ ಅಜ್ಜಿಯ ಕಂಬಳಿಯೂ ಇಲ್ಲ. ಎಲ್ಲಿ ಎಂದು ಹುಡುಕುವ ಅಗತ್ಯವಿರಲಿಲ್ಲ, ನೇರ ತೋಟಕ್ಕೆ ಹೋದೆ. ಕಂಬಳಿಯನ್ನು ಗುಡ್ಡೆಯ ಮೇಲೆ ಹರಡಿ, ತಾನು ಮಳೆಯಲ್ಲಿ ಮಂಡಿಯೂರಿ ಕೂತು, ಕರಟದಿಂದ ಮಣ್ಣು ಬಗೆಯುತ್ತಿದ್ದಳು. ಕೈಗೆ ಮುಳ್ಳು ತರಚಿ ರಕ್ತ ಬಂದಿತ್ತು. ನನ್ನನ್ನು ಕಂಡದ್ದೇ ಕೂಗಿಕೊಂಡಳು.

“ಮಳೆ ಇಡ್ಕಂಡ್ಬುಡ್ತು ಅವ್ವ! ಬ್ಯಾಗ ಅಗಿ! ಅಗೀದಿದ್ರೆ ಅಕ್ಕ ಕೊಳ್ತೋಯ್ತಾಳೆ. ಅಕ್ಕನೇ ಹೇಳಿದ್ಳು, ತಡ ಮಾಡ್ಬಾರ್ದು ಅಂತ!”

ಅಷ್ಟು ತಿಂಗಳೂ ಯಾವ ಒಂದು ಯೋಚನೆಯನ್ನು ಹತ್ತಿರ ಬಿಟ್ಟುಕೊಳ್ಳದೆ ದಿನ ನೂಕಿದ್ದೆನೋ, ಅದನ್ನು ಈ ಕೂಸು ಮಳೆಯಲ್ಲಿ ನಿಂತು ಕೂಗಿ ಹೇಳುತ್ತಿತ್ತು. ಅವಳ ಎದುರು ಕೆಸರಿನಲ್ಲೇ ಕೂತೆ. ಎತ್ತಿಕೊಂಡು ಒಳಗೆ ಹೋಗಬಹುದಿತ್ತು. ಹೋದರೆ ಇವಳು ಮತ್ತೆ ಬರುತ್ತಾಳೆ, ಮಳೆ ಬಂದಾಗಲೆಲ್ಲ ಬರುತ್ತಾಳೆ. “ಬಾ, ಅಗೆಯವ” ಎಂದೆ.

ಒಣಗಿದ ಗಿಡದ ಬುಡಕ್ಕೆ ಇಬ್ಬರೂ ಕೈ ಹಾಕಿದೆವು. ಹೆಚ್ಚು ಆಳಕ್ಕೆ ಹೋಗಬೇಕಾಗಲಿಲ್ಲ. ಗಿಡ ಎಳೆದದ್ದಕ್ಕೆ ಬೇರಿನ ಜೊತೆ ಒಂದಷ್ಟು ಗೆಡ್ಡೆಗಳು ಬಂದವು, ಮಳೆನೀರು ಬಿದ್ದು ಬೆಳ್ಳಗೆ ಹೊಳೆಯುತ್ತಿದ್ದವು. ಚಿಕ್ಕವಳು ಅವನ್ನು ಕಣ್ಣೆತ್ತಿಯೂ ನೋಡದೆ ಪಕ್ಕಕ್ಕೆ ತಳ್ಳಿ, “ಇನ್ನೂ ಒಳಗೆ, ಇನ್ನೂ ಒಳಗೆ” ಎಂದು ಬಗೆಯತೊಡಗಿದಳು. ನಾನು ಅವಳ ಕೈ ಹಿಡಿದು, ಬೇರಿನ ನಡುವೆ ಅಂಟಿಕೊಂಡಿದ್ದ ಒಂದು ಚೂರನ್ನು ಬಿಡಿಸಿ ಅಂಗೈಯಲ್ಲಿ ಇಟ್ಟೆ. ಒಂದು ಕಡೆ ಚಪ್ಪಟೆ. ಈಳಿಗೆಯಲ್ಲಿ ಕುಯ್ದ ಗುರುತು.

“ಇದು ನೀನು ಬೂದಿ ಬಳುದಿದ್ದ ಹೋಳು ಮಗ.”

ಅವಳು ಬೆರಳಿಂದ ಮುಟ್ಟಿದಳು. ಸಿಪ್ಪೆಯಷ್ಟೇ ಇತ್ತು, ಒಳಗಿದ್ದದ್ದು ನೀರಾಗಿ ಹರಿಯಿತು.

“ಬೂದಿ ಬಳುದಿದ್ನಲ್ಲವ್ವ?”

“ಬಳುದಿದ್ದೆ.”

“ಆದ್ರೂ ಹೋಯ್ತಾ?”

“ಹೋಯ್ತು. ನೆಟ್ಟಿದ್ದು ಹೋಯ್ತದೆ ಮಗ. ಇವು ಬೇರೆ, ಹೊಸವು.”

ಅವಳು ಹೊಸ ಗೆಡ್ಡೆಗಳನ್ನು ನೋಡಿದಳು, ಅಂಗೈಯಲ್ಲಿದ್ದ ಸಿಪ್ಪೆಯನ್ನು ನೋಡಿದಳು, ಆಮೇಲೆ ಗುಡ್ಡೆಯನ್ನು ನೋಡಿದಳು.

“ಅಕ್ಕ?”

ಈ ಸಲ ನನ್ನ ಬಾಯಿಗೆ ನಾಳೆ ಎನ್ನುವುದು ಬರಲಿಲ್ಲ. “ಅಕ್ಕ ಬರಾಕಿಲ್ಲ ಮಗ” ಎಂದೆ. ಅದನ್ನು ಬಾಯಿಬಿಟ್ಟು ಅಂದದ್ದು ಅದೇ ಮೊದಲು. ಅವಳಿಗೆ ಹೇಳಿದ್ದನ್ನು ನಾನೂ ಅವಳ ಜೊತೆಯೇ ಕೇಳಿಸಿಕೊಂಡೆ.

ಅವಳು ಅತ್ತುಬಿಡುತ್ತಾಳೆ, ನೆಲಕ್ಕೆ ಬಿದ್ದು ಹೊರಳುತ್ತಾಳೆ ಎಂದು ತೋಳು ಚಾಚಿಕೊಂಡೇ ಇದ್ದೆ. ಅಳಲಿಲ್ಲ. ಸಿಪ್ಪೆಯನ್ನು ಬಗೆದ ಮಣ್ಣಿಗೆ ಹಾಕಿ, “ಅಂಗಾರೆ ಮುಚ್ಚವ್ವ. ನೀರು ಒಳಕ್ಕೆ ಹೋಯ್ತದೆ” ಎಂದಳು. ಹೊಸ ಗೆಡ್ಡೆಗಳನ್ನೂ ಅಲ್ಲೇ ಇಟ್ಟು ಇಬ್ಬರೂ ಮಣ್ಣು ಎಳೆದೆವು. ಕೊನೆಯಲ್ಲಿ ಅವಳು ಎರಡೂ ಅಂಗೈಯಿಂದ ಮೆಲ್ಲಗೆ ತಟ್ಟಿ ಮಟ್ಟ ಮಾಡಿದಳು. ಸಾಲು ಮುಚ್ಚಿದ ಮೇಲೆ ಹಾಗೆ ತಟ್ಟಬೇಕೆಂದು ಅಕ್ಕನೇ ಕಲಿಸಿದ್ದು.

ಮನೆಗೆ ಬಂದ ಮೇಲೆ ಅತ್ತೆ ಅವಳ ತಲೆ ಒರೆಸಿ, ಕೈಗೆ ಅರಿಶಿಣ ಹಚ್ಚಿ ಒಲೆಯ ಮುಂದೆ ಕೂರಿಸಿದರು. ದೀಪ ಹಚ್ಚಿದ ಮೇಲೆ ನಾನು ಉಣ್ಣಲು ಇಟ್ಟೆ, ಎಂದಿನಂತೆ ಎರಡು ಗಂಗಳ ಪಕ್ಕ ಪಕ್ಕ. ಚಿಕ್ಕವಳು ಬಂದು ನಿಂತಳು. ಕೂರಲಿಲ್ಲ. ಅಕ್ಕನ ಗಂಗಳವನ್ನು ಎತ್ತಿಕೊಂಡು, ಲಂಗದ ಅಂಚಿನಿಂದ ಒರೆಸಿದಳು. ಗೋಡೆಯ ಹಲಗೆ ಅವಳಿಗೆ ಎಟುಕದು. ಅಜ್ಜಿಯ ಹತ್ತಿರ ಹೋಗಿ, “ಮ್ಯಾಲಿಡು ಅಜ್ಜಿ” ಎಂದು ಕೊಟ್ಟಳು. ಬತ್ತಾಳೆ ಎಂದಿದ್ದ ಮುದುಕಿ ಅದನ್ನು ಎರಡೂ ಕೈಲಿ ತೆಗೆದುಕೊಂಡು, ಹಲಗೆಯ ಮೇಲೆ ಬೋರಲಾಗಿ ಇಟ್ಟರು. ಚಿಕ್ಕವಳು ತನ್ನ ಜಾಗದಲ್ಲಿ ಕೂತು, ಬಡಿಸಿದ್ದನ್ನು ಉಂಡು, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಅಲ್ಲಿಯವರೆಗೆ ಆ ಮನೆಯಲ್ಲಿ ಒಬ್ಬಳಾದರೂ ನನ್ನ ದೊಡ್ಡವಳ ದಾರಿ ಕಾಯುತ್ತಿದ್ದಳು. ಅವತ್ತಿನಿಂದ ಅವಳಿಗಾಗಿ ಕಾಯುವವರು ಯಾರೂ ಇರಲಿಲ್ಲ.